ಸಹಾಯ ಬೇಕು: ಅಕ್ಕನ ಜೀವನಾಂಶ ವಸೂಲಿ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿ ಎರಡು ವರ್ಷ ದಾಟಿತು. 2005ರ ಆ ಕಾಯ್ದೆಯಲ್ಲಿ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತಿದೆ. ಅವಳಿಗೆ ಸಿಕ್ಕಿದ್ದು ಬರೀ ವಾಯಿದೆ. ಪ್ರತಿ ಸಲ ಕೂಲಿ ಬಿಟ್ಟು, ಮಗು ಎತ್ತಿಕೊಂಡು, ಎರಡು ಬಸ್ ಬದಲಿಸಿ ಹೋಗುತ್ತಾಳೆ. ಮಧ್ಯಾಹ್ನದವರೆಗೆ ಕಾರಿಡಾರ್‌ನಲ್ಲಿ ನಿಂತರೆ "ಮುಂದಿನ ತಿಂಗಳು ಬನ್ನಿ". ಭಾವನೂ ಅಲ್ಲೇ ಎದುರಿಗೆ ನಿಂತಿರುತ್ತಾನೆ (ಭಾವ ಅನ್ನೋಕೂ ಮನಸ್ಸಿಲ್ಲ).

ತಿಂಗಳಿಗೆ 4,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಲು ಆದೇಶವಾಗಿದೆ. ಒಂದು ಪೈಸೆ ಬಂದಿಲ್ಲ. ಬಾಕಿ ವಸೂಲಿಗೆ ಬೇರೆ ಅರ್ಜಿ ಹಾಕಬೇಕಾ? ಅವನ ಸಂಬಳದಿಂದಲೇ ಹಿಡಿಸಬಹುದಾ? ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅಲ್ವಾ? ನಮ್ಮ ಆದೇಶದಲ್ಲಿ ಆದೇಶವಾದ ದಿನದಿಂದ ಅಂತಿದೆ. ಇದನ್ನು ಸರಿ ಮಾಡಿಸಬಹುದಾ?

ವಕೀಲರು ಫೋನ್ ಎತ್ತುತ್ತಿಲ್ಲ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ ಅಂತ ಗೊತ್ತು. ಆದರೆ ಕೇಸು ನಡುವಿನಲ್ಲಿದ್ದಾಗ ವಕೀಲರನ್ನು ಬದಲಾಯಿಸಿದವರು ಯಾರಾದರೂ ಇದ್ದೀರಾ? ಹಳೇ ವಕೀಲರಿಂದ ಫೈಲ್ ಹೇಗೆ ತಗೊಂಡಿರಿ?

"ರಾಜಿ ಮಾಡಿಕೊಳ್ಳಿ" ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ. ಅದನ್ನು ಠಾಣೆಯಲ್ಲೇ ಸಾಕಷ್ಟು ಕೇಳಿದ್ದಾಳೆ.