ಬೆಳಗಿನ ಟೆಂಪರೇಚರ್ ಚಾರ್ಟ್ ಅಂಕುಡೊಂಕು, ಓವ್ಯುಲೇಶನ್ (ಅಂಡ ಬಿಡುಗಡೆ) ಯಾವತ್ತು ಅಂತ ತಿಳಿಯುತ್ತಿಲ್ಲ

ಮುಂಜಾವು:
ಮಗುವಿಗಾಗಿ ಪ್ರಯತ್ನ ಶುರು ಮಾಡಿ ಏಳು ತಿಂಗಳಾಯಿತು. ನನಗೆ 29 ವರ್ಷ. ಪೀರಿಯಡ್ಸ್ 30ರಿಂದ 33 ದಿನಕ್ಕೊಮ್ಮೆ ಬರುತ್ತದೆ. ಮೂರು ತಿಂಗಳಿಂದ ದಿನಾ ಬೆಳಗ್ಗೆ ಟೆಂಪರೇಚರ್ ನೋಡಿ ಆ್ಯಪ್‌ನಲ್ಲಿ ಹಾಕುತ್ತಿದ್ದೇನೆ. ಈ ಸಲ 10ನೇ ದಿನದಿಂದ (ಪೀರಿಯಡ್ಸ್ ಶುರುವಾದ ದಿನ ಒಂದು ಅಂತ ಲೆಕ್ಕ) ಬಂದಿದ್ದು ಇಷ್ಟು: 36.3, 36.6, 36.2, 36.4, 36.4, 36.7, 36.3, 36.5, 36.4, 36.6. ಇದರಲ್ಲಿ ಏರಿದ್ದು ಯಾವುದು, ಇಳಿದಿದ್ದು ಯಾವುದು?

ಆ್ಯಪ್ ಮೊದಲು ಓವ್ಯುಲೇಶನ್ 14ನೇ ದಿನ ಅಂತ ತೋರಿಸಿತು. ಆಮೇಲೆ 16 ಅಂದಿತು. ಈಗ ಗೆರೆಯನ್ನೇ ತೆಗೆದುಬಿಟ್ಟಿದೆ. ಟೆಂಪರೇಚರ್ ಏರಿದ ದಿನವೇ ಸೇರಬೇಕು ಅಂತ ಇಬ್ಬರೂ ಕಾಯುತ್ತೇವೆ. ಪ್ರತಿ ತಿಂಗಳೂ ಕೈತಪ್ಪಿ ಹೋಗುತ್ತಿದೆ ಅನ್ನಿಸಿ ತುಂಬಾ ಬೇಜಾರಾಗುತ್ತದೆ. ನನಗೆ ಓವ್ಯುಲೇಶನ್ ಆಗುತ್ತಲೇ ಇಲ್ಲವಾ?

ಹಳೇಚಾರ್ಟ್:
ಈ ಚಾರ್ಟ್ ಒಂದನ್ನೇ ನೋಡಿ ಓವ್ಯುಲೇಶನ್ ಆಗುತ್ತಿಲ್ಲ ಅಂತ ಹೇಳೋಕೆ ಬರುವುದಿಲ್ಲ, ಗಾಬರಿ ಬೇಡ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಟೆಂಪರೇಚರ್ ಏರುವ ದಿನಕ್ಕೆ ಕಾಯಬೇಡಿ. ಅದು ಏರುವ ಹೊತ್ತಿಗೆ ಸಾಮಾನ್ಯವಾಗಿ ಅಂಡ ಹೊರಗೆ ಬಂದು ಆಗಿರುತ್ತದೆ.

ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ತಯಾರಾಗೋಕೆ ಶುರುವಾಗುತ್ತದೆ. ಮೈ ಬಿಸಿ ಏರಿಸುವುದು ಅದೇ. ಅಂಡ ಬದುಕಿರುವುದು 12ರಿಂದ 24 ಗಂಟೆ ಅಷ್ಟೇ. ವೀರ್ಯಾಣು ಮಾತ್ರ ಒಳಗೆ ಐದು ದಿನದವರೆಗೂ ಇರಬಲ್ಲದು. ಹಾಗಾಗಿ ಓವ್ಯುಲೇಶನ್‌ಗೆ ಮುಂಚಿನ ಐದು ದಿನ ಮತ್ತು ಆ ದಿನ, ಈ ಆರು ದಿನವೇ ನಿಮ್ಮದು. ಅದರಲ್ಲೂ ಕೊನೆಯ ಎರಡು ಮೂರು ದಿನ ಮುಖ್ಯ. ನೀವು ಮೂರು ತಿಂಗಳಿಂದ ಕಾಯುತ್ತಿರುವುದು ಬಾಗಿಲು ಮುಚ್ಚಿದ ಮೇಲಿನ ದಿನಕ್ಕೆ.

ಇನ್ನು ಅಂಕುಡೊಂಕಿನ ವಿಷಯ. ಯಾವ ಥರ್ಮಾಮೀಟರ್? ಎಷ್ಟು ಗಂಟೆಗೆ ನೋಡುತ್ತೀರಿ? ಎದ್ದು ಓಡಾಡುವ ಮುಂಚೆಯೋ, ಆಮೇಲೋ? ಬಾಯಲ್ಲೋ, ಕಂಕುಳಲ್ಲೋ?

ಮುಂಜಾವು:
ಇದನ್ನು ಯಾರೂ ನನಗೆ ಹೇಳಿರಲಿಲ್ಲ ಅಕ್ಕ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಮನೆಯಲ್ಲಿ ಜ್ವರ ನೋಡೋಕೆ ಇಟ್ಟಿದ್ದ ಡಿಜಿಟಲ್ ಥರ್ಮಾಮೀಟರ್ ಅದು. ಕೆಲಸದ ದಿನ 6 ಗಂಟೆಗೆ, ರಜೆ ಇದ್ದರೆ 8:30 ಆಗುತ್ತದೆ. ಮೊದಲು ಬಾತ್‌ರೂಮಿಗೆ ಹೋಗಿ, ಎರಡು ಗುಟುಕು ನೀರು ಕುಡಿದು, ಆಮೇಲೆ ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ಮೂಗು ಕಟ್ಟಿದ ದಿನ ಕಂಕುಳಲ್ಲಿ.

ಹಳೇಚಾರ್ಟ್:
ಸಿಕ್ಕಿತು. ನೀವು ಹೇಳಿದ ಒಂದೊಂದೂ ಚಾರ್ಟ್ ಕೆಡಿಸೋಕೆ ಸಾಕು, ನಿಮ್ಮಲ್ಲಿ ಎಲ್ಲ ಒಟ್ಟಿಗೇ ಸೇರಿವೆ.

ಜ್ವರದ ಥರ್ಮಾಮೀಟರ್ ಒಂದೇ ದಶಾಂಶ ತೋರಿಸುತ್ತದೆ, ಅದರ ಮೇಲೆ 0.1 ಆಚೆ ಈಚೆ ತಪ್ಪೂ ಇರುತ್ತದೆ. ಜ್ವರಕ್ಕೆ ಅಷ್ಟು ಸಾಕು. ನಾವು ಹುಡುಕುತ್ತಿರುವ ಏರಿಕೆಯೋ ಬರೀ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್. ಎರಡು ದಶಾಂಶದ ಬಿಬಿಟಿ (ಎದ್ದ ಕೂಡಲೇ ಇರುವ ಮೈ ಬಿಸಿ ನೋಡುವ) ಥರ್ಮಾಮೀಟರ್ ತಗೊಳ್ಳಿ. 36.3 ಅಲ್ಲ, 36.32 ಅಂತ ತೋರಿಸುವಂಥದ್ದು.

ಹೊತ್ತು ಏರಿದಂತೆ ಮೈ ಬಿಸಿಯೂ ಏರುತ್ತದೆ. ಎದ್ದು ನಡೆದರೂ ಅಷ್ಟೇ. 36.6, 36.7 ಬಂದ ದಿನಗಳಲ್ಲಿ ರಜೆಯ ದಿನ ಯಾವುವು ಅಂತ ನೋಡಿ, ನನಗೇನೋ ಅಲ್ಲೇ ಅನುಮಾನ. ನೀರು ಕುಡಿದರೆ ಬಾಯಿ ತಣ್ಣಗಾಗುತ್ತದೆ. ಕಂಕುಳಿನ ಲೆಕ್ಕ, ಬಾಯಿಯ ಲೆಕ್ಕ ಒಂದೇ ಅಲ್ಲ. ತಿಂಗಳ ಮಧ್ಯೆ ಜಾಗ ಬದಲಿಸಿದರೆ ಚಾರ್ಟ್ ಕೆಟ್ಟ ಹಾಗೆಯೇ.

ನಾನು ಮಾಡುತ್ತಿದ್ದುದನ್ನು ಹೇಳುತ್ತೇನೆ. ರಾತ್ರಿಯೇ ಥರ್ಮಾಮೀಟರನ್ನು ದಿಂಬಿನ ಪಕ್ಕ, ಕಣ್ಣು ಬಿಡದೆ ಕೈಗೆ ಸಿಗುವ ಕಡೆ ಇಡುತ್ತಿದ್ದೆ. ಅಲಾರಂ ಆದಾಗ ಮಲಗಿದ್ದ ಹಾಗೇ ನಾಲಿಗೆಯ ಅಡಿಯಲ್ಲಿ, ಹಿಂದಕ್ಕೆ ತುದಿ ತಗಲುವಂತೆ ಇಟ್ಟು, ತುಟಿ ಮುಚ್ಚಿ, ಮೂಗಲ್ಲಿ ಉಸಿರಾಡುತ್ತಿದ್ದೆ. ಬೀಪ್ ಆಗುವವರೆಗೆ ಮಾತಿಲ್ಲ. ಕೂಡಲೇ ಬರೆದುಕೊಳ್ಳುತ್ತಿದ್ದೆ. ರಜೆ ದಿನವೂ ಅದೇ ಹೊತ್ತಿಗೆ ನೋಡಿ ಮತ್ತೆ ಮಲಗುತ್ತಿದ್ದೆ. ನಿದ್ದೆ ಕೆಟ್ಟ ರಾತ್ರಿ, ನೆಗಡಿ ಜ್ವರ, ಮದ್ಯ ಕುಡಿದ ರಾತ್ರಿ ಇದ್ದರೆ ಪಕ್ಕದಲ್ಲಿ ಒಂದು ಗುರುತು. ಆ ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಓದುವ ರೀತಿ ಹೀಗೆ: ಸತತ ಮೂರು ದಿನದ ಅಂಕಿ ಅದರ ಹಿಂದಿನ ಆರು ದಿನದ ಎಲ್ಲ ಅಂಕಿಗಿಂತ ಮೇಲಿರಬೇಕು. ಮೂರನೆಯದು ಆ ಆರರಲ್ಲಿ ಅತಿ ಹೆಚ್ಚಿನದಕ್ಕಿಂತ ಕಡೇ ಪಕ್ಷ 0.2 ಜಾಸ್ತಿ ಇರಬೇಕು. ಒಂದು ದಿನ ಎಗರಿದರೆ ಅದು ಏರಿಕೆಯಲ್ಲ.

ರಾತ್ರಿಪಾಳಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ವಾರ ಬಿಟ್ಟು ವಾರ ರಾತ್ರಿ ಪಾಳಿ. ಒಂದೇ ಹೊತ್ತು ಅನ್ನುವುದೇ ಇಲ್ಲ. ನಾನು ಇದನ್ನು ಬಿಟ್ಟೇಬಿಡಲಾ?

ಹಳೇಚಾರ್ಟ್:
ಗಡಿಯಾರಕ್ಕಿಂತ ನಿದ್ದೆ ನೋಡಿ. ಉದ್ದದ ನಿದ್ದೆ ಹಗಲಲ್ಲಾದರೆ ಅದರಿಂದ ಎದ್ದಾಗಲೇ ಇಡಿ, ಒಂದೇ ಸಮನೆ ಮೂರು ನಾಲ್ಕು ಗಂಟೆಯಾದರೂ ನಿದ್ದೆ ಆಗಿರಬೇಕು. ಪಾಳಿ ಬದಲಾದ ದಿನ ಗುರುತು ಹಾಕಿ. ಅಷ್ಟಾದರೂ ಗೆರೆ ನಿಲ್ಲದಿದ್ದರೆ ಟೆಂಪರೇಚರ್ ಬಿಟ್ಟು ಎಲ್‌ಎಚ್ ಸ್ಟ್ರಿಪ್ (ಓವ್ಯುಲೇಶನ್‌ಗೆ ಮುಂಚೆ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಪಟ್ಟಿ), ಬಿಳಿ ಸ್ರಾವ ಎರಡನ್ನೇ ನಂಬುವುದು ಮೇಲು. ದಿನಾ ಸೋತೆ ಅನ್ನಿಸಿಕೊಂಡು ಏಳುವುದು ಬೇಡ.

ಮುಂಜಾವು:
ಸ್ರಾವ ನೋಡುವುದು ಹೇಗೆ? ನನಗೆ ಅದೇ ತಿಳಿಯದು.

ಹಳೇಚಾರ್ಟ್:
ಪೀರಿಯಡ್ಸ್ ಮುಗಿದ ಮೇಲೆ ಕೆಲವು ದಿನ ಒಣ. ಆಮೇಲೆ ಅಂಟು ಅಂಟು, ಬರುತ್ತಾ ಗಂಜಿಯ ಹಾಗೆ ಬೆಳ್ಳಗೆ. ಓವ್ಯುಲೇಶನ್ ಹತ್ತಿರ ಬಂದಾಗ ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಜಾರುವ ಹಾಗಿರುತ್ತದೆ. ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಎಳೆದರೆ ತುಂಡಾಗದೆ ಎಳೆ ಬರುತ್ತದೆ. ನೀವು ಕಾಯಬೇಕಾದ್ದು ಆ ದಿನಕ್ಕೆ. ಜೊತೆಗೆ ಎಲ್‌ಎಚ್ ಸ್ಟ್ರಿಪ್ ಇಟ್ಟುಕೊಳ್ಳಿ. ಪಾಸಿಟಿವ್ ಬಂದ ಮೇಲೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಓವ್ಯುಲೇಶನ್. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಓವ್ಯುಲೇಶನ್ ಕೆಡುವ ತೊಂದರೆ) ಇದ್ದವರಿಗೆ ಮಾತ್ರ ಸ್ಟ್ರಿಪ್ ಸುಮ್ನೆ ಸುಮ್ನೆ ಪಾಸಿಟಿವ್ ತೋರಿಸುವುದುಂಟು. ಸ್ಟ್ರಿಪ್, ಸ್ರಾವ ಎರಡೂ ಮುಂದಾಗುವುದನ್ನು ಹೇಳುತ್ತವೆ. ಟೆಂಪರೇಚರ್ ಆಗಿದ್ದನ್ನು ಖಚಿತ ಮಾಡುತ್ತದೆ.

ಮುಂಜಾವು (ಆರೇಳು ವಾರದ ನಂತರ):
ಹೊಸ ಥರ್ಮಾಮೀಟರ್ ತಗೊಂಡೆ. ದಿನಾ 6ಕ್ಕೆ, ಏಳದೆ, ಬಾಯಲ್ಲೇ. 13ನೇ ದಿನದಿಂದ ಹೀಗಿದೆ: 36.30, 36.33, 36.37, 36.29, 36.34, 36.32, 36.58, 36.61, 36.64. ಎಳೆ ಬರುವ ಸ್ರಾವ 15ರಿಂದ 18ರವರೆಗೆ ಇತ್ತು. ಸ್ಟ್ರಿಪ್ 17ನೇ ದಿನ ಮಧ್ಯಾಹ್ನ ಪಾಸಿಟಿವ್. ಗೆರೆ ಮೇಲೆ ಹೋಗಿ ಅಲ್ಲೇ ನಿಂತಿದ್ದು ನೋಡಿ ಮನೆಯವರನ್ನು ಎಬ್ಬಿಸಿ ತೋರಿಸಿದೆ. 32ನೇ ದಿನಕ್ಕೆ ಪೀರಿಯಡ್ಸ್ ಬಂತು. ಅತ್ತುಬಿಟ್ಟೆ. ಆದರೆ ಈ ಸಲ ಕತ್ತಲಲ್ಲಿ ತಡಕಾಡಿದ ಹಾಗೆ ಅನ್ನಿಸಲಿಲ್ಲ.

ಹಳೇಚಾರ್ಟ್:
ಅತ್ತಿದ್ದು ಸಹಜ ತಂಗಿ. ಎಲ್ಲ ಸರಿಯಾಗಿದ್ದರೂ ಒಂದೇ ತಿಂಗಳಲ್ಲಿ ಗರ್ಭ ನಿಲ್ಲಲೇಬೇಕು ಅಂತಿಲ್ಲ. ಚಾರ್ಟ್ ಮಾತ್ರ ಚೆನ್ನಾಗಿದೆ. ಹಿಂದಿನ ಆರರಲ್ಲಿ ದೊಡ್ಡದು 36.37, ಮೂರನೇ ಏರಿಕೆ 36.64. ಓವ್ಯುಲೇಶನ್ ಹೆಚ್ಚು ಕಡಿಮೆ 18ನೇ ದಿನ ಆಗಿದೆ, 14 ಅಲ್ಲವೇ ಅಲ್ಲ. ಆಮೇಲೆ 13 ದಿನ ಮೇಲೇ ಇತ್ತು, ಅದೂ ಸರಿಯಾಗಿದೆ. ಮೇಲೇರಿದ್ದು 18 ದಿನ ದಾಟಿಯೂ ಇಳಿಯದಿದ್ದರೆ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ನೋಡಿ.

ಮುಂದಿನ ಸಲ 12ನೇ ದಿನದಿಂದ ಸ್ಟ್ರಿಪ್ ಶುರು ಮಾಡಿ. ಎಳೆ ಸ್ರಾವ ಕಂಡ ದಿನದಿಂದ ಟೆಂಪರೇಚರ್ ಏರುವವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ದಿನವೂ ಆದರೆ ತೊಂದರೆಯೇನಿಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಇನ್ನೂ ಶುರು ಮಾಡಿಲ್ಲದಿದ್ದರೆ ಈಗಲೇ ಮಾಡಿ.

ಒಂದು ವರ್ಷ ತುಂಬಿದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ, ಮನೆಯವರೂ ಜೊತೆಗೇ ಪರೀಕ್ಷೆ ಮಾಡಿಸಲಿ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಪೀರಿಯಡ್ಸ್ ತೀರಾ ಏರುಪೇರು ಇದ್ದರೆ, ಅಥವಾ ಸರಿಯಾಗಿ ನೋಡಿಯೂ ಎರಡು ಮೂರು ತಿಂಗಳು ಗೆರೆ ಏರದೇ ಇದ್ದರೆ ಕಾಯಲೇಬೇಡಿ. ಚಾರ್ಟ್ ಕೈಯಲ್ಲೇ ಇರಲಿ.

ಮುಂಜಾವು:
ಇವತ್ತು ಮೂರನೇ ದಿನ. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲೇ ಇದೆ ಅಕ್ಕ. 12ನೇ ದಿನದಿಂದ ಇಲ್ಲೇ ಬರೆಯುತ್ತೇನೆ.