ರೆಡ್ ಆಕ್ಸೈಡ್ ನೆಲ ಒಡೆಯಬೇಕಾ, ಉಳಿಸಬೇಕಾ?

ಪ್ರಶ್ನೆ:
ಮೈಸೂರಿನಲ್ಲಿ ಒಬ್ಬಳೇ ಇಂಟೀರಿಯರ್ ಕೆಲಸ ಮಾಡುತ್ತೇನೆ. ಈಗ ಕುವೆಂಪುನಗರದ ಒಂದು ಹಳೇ ಮನೆ ಕೈಗೆ ಬಂದಿದೆ. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ (ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿದ ಗಾರೆ ನೆಲ), ಮುಖ ಕಾಣುವಷ್ಟು ಹೊಳಪು. ಬಾಗಿಲ ಹತ್ತಿರ ಮಾತ್ರ ಎರಡು ಬಿರುಕು. ಆ ಮನೆಯ ಮಗ ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಅನ್ನುತ್ತಾರೆ. ಅವರ ಅಮ್ಮ ಬಾಯಿ ಬಿಡುವುದಿಲ್ಲ, ಆದರೆ ನಾನು ಟೇಪ್ ಹಿಡಿದಾಗಲೆಲ್ಲ ನೆಲ ಒರೆಸಲು ಶುರು ಮಾಡುತ್ತಾರೆ! ದುಡ್ಡು ಕೊಡುವವರು ಮಗ. ಏನು ಹೇಳಲಿ?

ಉತ್ತರ 1:
ಒಡೆಸಬೇಡಿ ಮೇಡಂ. ಬಿರುಕಿಗೆ ತೇಪೆ ಹಾಕಬಹುದು, ಆದರೆ ಬಣ್ಣ ಪೂರ್ತಿ ಹೊಂದುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ. ಇಂಥ ನೆಲ ತಿಕ್ಕಿ ತಿಕ್ಕಿ ಹೊಳಪು ತರುವ ಗಾರೆಯವರು ಈಗ ಸುಲಭಕ್ಕೆ ಸಿಗಲ್ಲ.

ಉತ್ತರ 2:
ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಿದರೆ ಎತ್ತರ ಜಾಸ್ತಿಯಾಗುತ್ತದೆ. ಬಾಗಿಲುಗಳನ್ನೆಲ್ಲ ಕೆಳಗೆ ಕೊಯ್ಯಬೇಕು. ಒಡೆದರೆ ಡೆಬ್ರಿಸ್ ಸಾಗಿಸುವ ಖರ್ಚು. ಎರಡನ್ನೂ ಕೊಟೇಷನ್‌ನಲ್ಲಿ ಬರೆದು ಮಗನ ಕೈಗೆ ಕೊಡಿ. ಅಂದ ಹಾಗೆ, ಅಡ್ವಾನ್ಸ್ ತೆಗೆದುಕೊಂಡಿದ್ದೀರಿ ಅಲ್ವಾ?

ಪ್ರಶ್ನೆ ಕೇಳಿದವರು:
ಇಲ್ಲ, ಬೈಬೇಡಿ. ಹೋದ ಸಲ ಒಬ್ಬರು ನನ್ನ 3ಡಿ ಚಿತ್ರ ಇಟ್ಟುಕೊಂಡು ತಮ್ಮ ಬಡಗಿಯಿಂದಲೇ ಎಲ್ಲ ಮಾಡಿಸಿಕೊಂಡರು. ಆದರೂ ಬುದ್ಧಿ ಬಂದಿಲ್ಲ. ನಾಳೆ ಬಾಗಿಲಿನ ಲೆಕ್ಕ ಹಿಡಿದು ಹೋಗುತ್ತೇನೆ. ಮೊದಲು ಅಮ್ಮನನ್ನೇ ಕೇಳುತ್ತೇನೆ.