ಸಿಹಿಗುಂಬಳದ ಹಂದರ ಗಾಳಿಗೆ ವಾಲೈತಿ, ಹೀಚು ಉದುರ್ತಾವ: ಏನ್ ಮಾಡಬೇಕು?

ನವನಗರ ಹಿತ್ತಲ (ಬಾಗಲಕೋಟಿ)

ಎಲ್ಲರಿಗೂ ನಮಸ್ಕಾರ್ರಿ. ಮನಿ ಹಿಂದ 12 ಅಡಿ ಉದ್ದ, 10 ಅಡಿ ಅಗಲ ಜಾಗ ಐತಿ, ಅಪ್ಪಟ ಎರಿ ಮಣ್ಣು. ಸಿಹಿಗುಂಬಳ ಎರಡು ಗುಣಿ, ಸೋರೆ ಒಂದು ಗುಣಿ, ಒಂದು ಬದಿಗೆ ಜುಕಿನಿ ನಾಕು ಗಿಡ. ಐದಡಿ ಎತ್ತರದ ಬೊಂಬಿನ ಹಂದರ: ನಾಕು ಮೂಲಿಗೆ ನಾಕು ಕಂಬ, ಒಂದಡಿ ಆಳ ಹೂತದ್ದು, ಮ್ಯಾಲೆ ಸುತಳಿ ಹೆಣೆದದ್ದು. ಈಗಿನ ಗಾಳಿಗೆ ಪಡುವಣ ಕಡಿ ಎರಡೂ ಕಂಬ ಮೂಡಣಕ್ಕ ವಾಲ್ಯಾವ, ಸುತಳಿ ಜೋತು ಬಿದ್ದು ನಡುವ ಹೊಟ್ಟಿ ಬಂದೈತಿ. ಬಳ್ಳಿ ಹಂದರ ತುಂಬೈತಿ, ಬಿಚ್ಚಿ ಹೊಸದಾಗಿ ಹಾಕೂಹಂಗಿಲ್ಲ. ಇದ್ದದ್ದನ್ನ ಹೆಂಗ ಗಟ್ಟಿ ಮಾಡೂದು? ಮುಂದಿನ ಸಲಕ್ಕ ಹೆಂಗ ಹಾಕಬೇಕು?

ಇನ್ನೊಂದು, ಕುಂಬಳದ ಹೀಚು ನಿಂಬಿಹಣ್ಣಿನಷ್ಟ ಆಗೂದ್ರೊಳಗ ಹಳದಿ ಆಗಿ ಉದುರ್ತಾವ. ಎಲಿ ಮ್ಯಾಲೆ ಬೆಳ್ಳನ ಕಲೆನೂ ಅದಾವ. ಜುಕಿನಿ ಅಂತೂ ಹಂದರಕ್ಕ ಹತ್ತವಲ್ಲದು, ನೆಲಕ್ಕ ಅಡ್ಡ ಬಿದ್ದೈತಿ. ಗೊತ್ತಿದ್ದವರು ಹೇಳ್ರಿ.

ಎರಿಹೊಲ (ವಿಜಯಪುರ)

ಗಾಳಿಕಿಂತ ಮಣ್ಣಿನ ಕಾಟ ಜಾಸ್ತಿ ಅದ ಇಲ್ಲಿ. ಎರಿ ಮಣ್ಣು ನೀರು ಕುಡದಾಗ ಉಬ್ಬತದ, ಒಣಗಿದಾಗ ಕುಗ್ಗಿ ಬಿರಿತದ. ಕಂಬ ಗುಣಿ ಬಾಜೂಕೇ ಇದ್ರ ಈ ಉಬ್ಬೂದು ಕುಗ್ಗೂದು ಸತತ ನಡೀತದ, ಬುಡದ ಸುತ್ತ ಬೆರಳು ಹೋಗೂವಷ್ಟು ಸಂದಿ ಬೀಳ್ತದ. ಅದೇ ಮಣ್ಣು ಮತ್ತ ತುಂಬಿ ತುಳದ್ರ ಏನೂ ಉಪಯೋಗಿಲ್ಲ, ಒಣಗಿದ ಮ್ಯಾಲೆ ಮತ್ತ ಸಂದಿ ಬೀಳೂದೇ.

ಈಗಿನ ಮಟ್ಟಿಗೆ ವಾಲಿದ ಕಂಬ ಕೀಳಬ್ಯಾಡ್ರಿ. ಕುಂಬಳದ ಬೇರು ಮ್ಯಾಲ್ಮಣ್ಣಾಗ ಅಗಲಕ್ಕ ಹರಡಿರ್ತಾವ, ಅಲ್ಲಿ ಅಗದ್ರ ಬಳ್ಳಿ ಬಾಡ್ತದ. ಕಂಬದಿಂದ ಪಡುವಣಕ್ಕ ನಾಕೈದಡಿ ದೂರದಾಗ ಎರಡಡಿ ಉದ್ದದ ಕಬ್ಬಿಣದ ಗೂಟ, ತಲಿ ಹೊರಗಡಿ ವಾಲಿರಬೇಕು, ಒಂದೂವರಿ ಅಡಿ ಒಳಗ ಹೋಗೂಹಂಗ ಬಡೀರಿ. ಕಂಬದ ತುದಿಯಿಂದ ಆ ಗೂಟಕ್ಕ 12 ಗೇಜಿನ ಜಿಐ ತಂತಿ (ಸತುವಿನ ಲೇಪ ಇದ್ದ ಕಬ್ಬಿಣದ್ದು) ಬಿಗೀರಿ. ಜಾಗ ಇಲ್ಲಂದ್ರ ಕಂಪೌಂಡ್ ಗ್ವಾಡಿಗೆ ಆಂಕರ್ ಬೋಲ್ಟ್ ಕೂಡಿಸಿ ಅದಕ್ಕ ಕಟ್ಟಬಹುದು. ಒಮ್ಮೆಲೇ ಎಳದು ನೆಟ್ಟಗ ಮಾಡಾಕ ಹೋಗಬ್ಯಾಡ್ರಿ, ಬಳ್ಳಿ ಸುತಳಿಗೆ ಸುತ್ತಿಕೊಂಡಲ್ಲೇ ಕತ್ತರಿಸಿಧಂಗ ಹರೀತದ. ದಿನಕ್ಕ ಎರಡು ಇಂಚು ಸಾಕು. ನಡುವಿನ ಹೊಟ್ಟಿಗೆ ತುದಿಯಾಗ ಕವಲಿದ್ದ ಜಾಲಿ ಕಟಗಿ ಊರಿ ಎತ್ರಿ, ಅದರ ಬುಡಕ್ಕ ಒಂದು ಚಪ್ಪಟ ಕಲ್ಲು ಇಡ್ರಿ, ಇಲ್ಲಂದ್ರ ಮಳಿ ಆದ ಮ್ಯಾಲೆ ಕಟಗಿನೇ ಇಳೀತದ.

ಮುಂದಿನ ಸಲಕ್ಕ: ಎಂಟಡಿ ಕಂಬ, ಎರಡಡಿ ಒಳಗ, ಆರಡಿ ಮ್ಯಾಲೆ. ಐದಡಿ ಎತ್ತರಕ್ಕ ಕಾಯಿ ಜೋತು ಬಿದ್ರ ಕೆಳಗ ಕೂತು ಕೆಲಸ ಮಾಡಬೇಕಾಗ್ತದ. ತಗ್ಗು ಒಂದಡಿ ಅಗಲ ತಗೀರಿ, ತಳಕ್ಕ ಕಲ್ಲು ಹಾಕಿ ಕಂಬ ನಿಲ್ಲಿಸ್ರಿ. ತಗದ ಎರಿ ಮಣ್ಣು ವಾಪಸ್ ಹಾಕಬ್ಯಾಡ್ರಿ. ಗರಸು ಮತ್ತ ಸಣ್ಣ ಕಲ್ಲು ಅರ್ಧರ್ಧ ಅಡಿ ತುಂಬಕೊಂತ, ಪ್ರತಿ ಸಲ ಹಾರಿ ಹಿಂಬದಿಯಿಂದ ಜಡೀರಿ. ಗರಸು ಉಬ್ಬೂದಿಲ್ಲ, ನೀರು ಬಸೀತದ. ಬೊಂಬಿನ ಕೆಳಗಿನ ಎರಡೂವರಿ ಅಡಿಗೆ ಡಾಂಬರ ಬಳದ್ರ ಗೆದ್ದಲು ಬೇಗ ಹತ್ತೂದಿಲ್ಲ. 12 ಅಡಿ ಕಡಿ ಆರಡಿಗೊಂದು, 10 ಅಡಿ ಕಡಿ ಐದಡಿಗೊಂದು, ಒಟ್ಟ ಒಂಬತ್ತು ಕಂಬ ಬೇಕು, ನಾಕು ಸಾಲೂದಿಲ್ಲ. ಸುತ್ತ 10 ಗೇಜಿನ ತಂತಿ, ಒಳಗ 14 ಗೇಜಿನ ತಂತಿ ಒಂದೂವರಿ ಅಡಿ ಚೌಕಕ್ಕ. ಸುತಳಿ ಮಳಿಯಾಗ ಕೊಳೀತದ. ಗಿಡದಿಂದ ಹಂದರದ ತನಕ ಬಳ್ಳಿ ಹಬ್ಬಿಸಾಕ ಅಷ್ಟ ಅದನ್ನ ಬಳಸ್ರಿ.

ಕೈತೋಟ ಬೆಳಗಾವಿ

ಹೀಚು ಉದುರುವುದಕ್ಕೆ ಎರಡು ಬೇರೆ ಬೇರೆ ಕಾರಣ ಇರುತ್ತವೆ. ಮದ್ದು ಹುಡುಕುವ ಮೊದಲು ಉದುರಿದ ನಾಲ್ಕೈದು ಕಾಯಿ ಆರಿಸಿ, ಬೆಳಕಿಗೆ ಹಿಡಿದು ನೋಡಿ, ಉದ್ದಕ್ಕೆ ಸೀಳಿ.

ಸಿಪ್ಪೆ ಮೇಲೆ ಚುಚ್ಚಿದ ಗುರುತಿಲ್ಲ, ಹೂವಿನ ತುದಿಯಿಂದ ಹಳದಿ ಏರಿ ಮೆತ್ತಗಾಗಿದೆ, ಒಳಗೆ ಬೀಜ ಕಟ್ಟಿಲ್ಲ ಅಂದರೆ ಪರಾಗ ಬಿದ್ದಿಲ್ಲ. ಸೂಜಿಮೊನೆಯಷ್ಟು ಕಂದು ಚುಕ್ಕೆ, ಅದರ ಮೇಲೆ ಅಂಟಿನ ಹನಿ, ಒಳಗೆ ಬಿಳಿ ಹುಳ ಇದ್ದರೆ ಅದು ಕಾಯಿ ನೊಣ.

ಪರಾಗದ ವಿಷಯ. ಕುಂಬಳದಲ್ಲಿ ಗಂಡು ಹೂ ಮೊದಲು ಬರುತ್ತವೆ, ಹೆಣ್ಣು ಹೂ ಆಮೇಲೆ. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಎರಡೂ ನಸುಕಿನಲ್ಲಿ ಅರಳಿ ಬಿಸಿಲೇರುವುದರೊಳಗೆ ಮುಚ್ಚಿಕೊಳ್ಳುತ್ತವೆ. ಜೋರು ಗಾಳಿ, ಮೋಡ ಇದ್ದಾಗ ಜೇನು ಕಡಿಮೆ. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಅವತ್ತೇ ಅರಳಿದ ಗಂಡು ಹೂ ಕಿತ್ತು, ದಳ ಸುಲಿದು, ನಡುವಿನ ಹಳದಿ ಕೇಸರವನ್ನು ಹೆಣ್ಣು ಹೂವಿನ ಒಳಗಿನ ಮುದ್ದೆಗೆ ಸುತ್ತಲೂ ಸವರಿ. ಒಂದೇ ಕಡೆ ಒರೆಸಿದರೆ ಕಾಯಿ ಸೊಟ್ಟ ಬೆಳೆಯುತ್ತದೆ. ಸೋರೆಯ ಬಿಳಿ ಹೂ ಸಂಜೆ ಅರಳುತ್ತದೆ, ಅದಕ್ಕೆ ಇದೇ ಕೆಲಸ ಸೂರ್ಯ ಮುಳುಗುವ ಹೊತ್ತಿಗೆ. ಯೂರಿಯಾ ಜಾಸ್ತಿ ಬಿದ್ದಿದ್ದರೂ ಎಲೆ ಸೊಂಪಾಗಿ ಬೆಳೆದು ಹೆಣ್ಣು ಹೂ ಕಡಿಮೆಯಾಗುತ್ತವೆ.

ನೊಣವಾಗಿದ್ದರೆ ಉದುರಿದ್ದನ್ನು ತಿಪ್ಪೆಗೆ ಎಸೆಯಬೇಡಿ, ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗಿಡಿ. ಬಳ್ಳಿ ಬುಡದ ಮೇಲ್ಮಣ್ಣನ್ನು ಆಗಾಗ ಬೆರಳುದ್ದ ಕೆದರಿ. ಬಲೆಯೊಳಗೆ ನೊಣ ಸೆಳೆಯುವ ವಾಸನೆಯ ಮದ್ದು ಇರುತ್ತದೆ, ತರುವಾಗ ‘ಕ್ಯೂ ಲ್ಯೂರ್’ ಎಂಬ ಮದ್ದಿನದ್ದೇ ಕೇಳಿ. ಅಂಗಡಿಯಲ್ಲಿ ಬರೀ ಹಣ್ಣುನೊಣದ ಬಲೆ ಅಂದರೆ ಮಾವಿನದ್ದು, ಅಂದರೆ ಮಿಥೈಲ್ ಯುಜೆನಾಲ್, ಕೊಟ್ಟುಬಿಡುತ್ತಾರೆ. ಬಳ್ಳಿ ತರಕಾರಿಯ ನೊಣ ಅದಕ್ಕೆ ಬರುವುದಿಲ್ಲ. ಸರಿಯಾದ ಬಲೆಗೂ ಗಂಡು ನೊಣ ಮಾತ್ರ ಬೀಳುತ್ತವೆ, ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಆದ್ದರಿಂದ ಹಿತ್ತಲಿನ ಮಟ್ಟಿಗೆ, ಕಾಯಿ ಕಚ್ಚಿದ ಎರಡು ಮೂರು ದಿನಕ್ಕೇ ತೆಳು ಬಟ್ಟೆ ಚೀಲ ತೊಡಿಸುವುದು ಬಲೆಗಿಂತ ಖಾತ್ರಿ. ಎಳೆ ಸಿಪ್ಪೆ ಗಟ್ಟಿಯಾಗುವವರೆಗೆ ಇದ್ದರೆ ಸಾಕು.

ಘಟಪ್ರಭಾ ದಂಡಿ (ಮುಧೋಳ)

ಮ್ಯಾಲಿನ ಕಂಬದ ಲೆಕ್ಕ ಬರೋಬ್ಬರಿ ಐತಿ, ಆದ್ರ ದೊಡ್ಡ ಕುಂಬಳ ಹಂದರಕ್ಕ ಹಬ್ಬಿಸೂದೇ ನನಗ ಒಪ್ಪಿಗಿಲ್ಲ. ಐದಾರು ಕಿಲೋದ ಕಾಯಿ ನಾಕು ಜೋತು ಬಿದ್ರ, ಅದರ ಮ್ಯಾಲೆ ಮಳಿಗೆ ತೊಯ್ದ ಎಲಿ ಭಾರ, ಮ್ಯಾಲೆ ಗಾಳಿ. ಅಂಥಾ ಜಾತಿ ನೆಲಕ್ಕೇ ಬಿಟ್ಟು ಕಾಯಿ ಕೆಳಗ ಜ್ವಾಳದ ಕಣಕಿ ಹಾಸಿದ್ರ ಸಾಕು. ಬಳ್ಳಿ ಗೆಣ್ಣು ಗೆಣ್ಣಿಗೆ ಬೇರು ಬಿಡ್ತೈತಿ, ಗಾಳಿಗೆ ಅಲುಗಾಡೂದೂ ಇಲ್ಲ. ಹಂದರಕ್ಕ ಸಣ್ಣ ಕಾಯಿ ಜಾತಿ ಹಾಕ್ರಿ: ಹೆಸರಘಟ್ಟ ಐಐಎಚ್‌ಆರ್‌ (ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ) ತಳಿ ಅರ್ಕಾ ಸೂರ್ಯಮುಖಿ ಕಾಯಿ ಸುಮಾರು ಒಂದು ಕಿಲೋ, ನೊಣದ ಕಾಟನೂ ಅದಕ್ಕ ಕಡಿಮಿ. ಅರ್ಕಾ ಚಂದನ್ ಎರಡರಿಂದ ಮೂರು ಕಿಲೋ, ಅದಕ್ಕ ಜೋಳಿಗಿ ಕಟ್ಟಬೇಕಾಗ್ತೈತಿ.

ಜುಕಿನಿ ಬಳ್ಳಿ ಅಲ್ರೀ, ಪೊದಿ. ಕುಡಿಬಳ್ಳಿಯಿಂದ ಹಿಡಕೊಂಡು ಹತ್ತೂ ಜಾತಿ ಅಲ್ಲ, ನೀವು ಎಷ್ಟು ಕಾದ್ರೂ ಹತ್ತೂದಿಲ್ಲ. ಒಂದೊಂದು ಗಿಡಕ್ಕ ನಾಕಡಿ ಗೂಟ, ದಂಟಿನಿಂದ ಮೂರು ಇಂಚು ದೂರ. ಹಳೇ ಬನೀನ್ ಅರಿವಿ ಪಟ್ಟಿಯಿಂದ 8ರ ಆಕಾರದಾಗ ಕಟ್ರಿ: ಒಂದು ಸುತ್ತು ಗೂಟಕ್ಕ ಬಿಗಿ, ಇನ್ನೊಂದು ಸುತ್ತು ದಂಟಿಗೆ ಸಡಿಲ. ಕಾಯಿ ಹರಕೊಂಡ ಮ್ಯಾಲೆ ಅದರ ಕೆಳಗಿನ ಎಲಿ ಕತ್ತರಿಯಿಂದ ತಗೀರಿ. ಎಲಿ ತೊಟ್ಟು ಒಳಗ ಟೊಳ್ಳು ಇರ್ತೈತಿ, ಕೈಯಿಂದ ಮುರದ್ರ ದಂಟಿನ ಸಿಪ್ಪಿನೂ ಸೀಳಿ ಬರ್ತೈತಿ. ಕಾಯಿ ಗೇಣುದ್ದ ಆಗೂದ್ರೊಳಗ ಹರೀರಿ, ಬಲಿಯಾಕ ಬಿಟ್ರ ಗಿಡ ಹೊಸ ಕಾಯಿ ಕಚ್ಚೂದು ನಿಲ್ಲಸ್ತೈತಿ.

ಬೆಳ್ಳನ ಕಲೆ ಹೆಬ್ಬೆರಳಿಂದ ಒರಸಿ ನೋಡ್ರಿ. ಬೆರಳಿಗೆ ಹಿಟ್ಟು ಹತ್ತಿದ್ರ ಬೂದಿರೋಗ. ಹತ್ತಲಿಲ್ಲ, ಕಲೆ ನರ ಕೂಡೂ ಮೂಲಿಯಾಗ ಬೆಳ್ಳಿ ಬಣ್ಣದ್ದು ಐತಿ ಅಂದ್ರ ಅದು ಆ ಜಾತಿಯ ಎಲಿ ಬಣ್ಣನೇ, ಏನೂ ಹೊಡೀಬ್ಯಾಡ್ರಿ. ಬೂದಿರೋಗ ಆದ್ರ ಹಳೇ ಎಲಿ ತಗದು ಗಾಳಿ ಆಡೂಹಂಗ ಮಾಡ್ರಿ, ಆಮ್ಯಾಲೆ ನೀರಾಗ ಕರಗೂ ಗಂಧಕ ಲೀಟರಿಗೆ ಎರಡು ಗ್ರಾಂ, ಸಂಜಿ ಹೊತ್ತು, ಮೊದಲ ಎರಡು ಎಲಿಗೆ ಹೊಡದು ಎರಡು ದಿನ ನೋಡಿ. ಕುಂಬಳದ ಜಾತಿಗೆ ಗಂಧಕ ಸುಡೂದುಂಟು, ಬ್ಯಾಸಿಗಿ ಬಿಸಲಾಗಂತೂ ಮುಟ್ಟಬ್ಯಾಡ್ರಿ.

ನವನಗರ ಹಿತ್ತಲ (ಬಾಗಲಕೋಟಿ)

ಭಾಳ ಉಪಕಾರ ಆತ್ರಿ. ಕಲೆ ಒರಸಿದ್ರ ಬೆರಳಿಗೆ ಏನೂ ಹತ್ತವಲ್ಲದು. ಹೀಚು ಸೀಳಿದ್ರ ಹುಳ ಇಲ್ಲ. ಎರಡು ಸಂಶಯ: ಜೋಳಿಗಿ ಯಾವುದ್ರದ್ದು, ಎಲ್ಲಿಗೆ ಕಟ್ಟೂದು? ಮಧ್ಯಾಹ್ನ ಎಲಿ ಎಲ್ಲಾ ಜೋತು ಬೀಳ್ತಾವ, ನೀರು ಹೆಚ್ಚ ಮಾಡಬೇಕೇನು?

ಘಟಪ್ರಭಾ ದಂಡಿ (ಮುಧೋಳ)

ಉಳ್ಳಾಗಡ್ಡಿ ತುಂಬೂ ಬಲಿ ಚೀಲ ಕತ್ತರಿಸಿ ಮಾಡ್ರಿ, ಮಳಿ ನೀರು ಒಳಗ ನಿಲ್ಲೂದಿಲ್ಲ. ಪ್ಲಾಸ್ಟಿಕ್ ಹಾಳಿ ಆದ್ರ ತಳದಾಗ ನೀರು ನಿಂತು ಕಾಯಿ ಕೊಳೀತೈತಿ. ಕಾಯಿ ಮುಷ್ಟಿಯಷ್ಟ ಆದಾಗಲೇ ಕೂಡಸ್ರಿ, ನಾಕೂ ಮೂಲಿ ಹಂದರದ ತಂತಿಗೆ ಕಟ್ರಿ, ಬಳ್ಳಿಗೆ ಕಟ್ಟಬ್ಯಾಡ್ರಿ. ನಿಮ್ಮ ಹಂದರಕ್ಕ ಇನ್ನೂ ಸುತಳಿನೇ ಐತಿ, ಜೋಳಿಗಿ ಬರೂ ಜಾಗದ ಮ್ಯಾಲೆ ಒಂದೊಂದು ತಂತಿ ಎಳಕೊಂಡು ಅದಕ್ಕ ಕಟ್ರಿ. ತೊಟ್ಟಿನ ಮ್ಯಾಲೆ ಭಾರ ಬೀಳಬಾರದು, ಆದ್ರ ಕಾಯಿ ಮ್ಯಾಲೆತ್ತಿಧಂಗ ಬಿಗೀನೂ ಆಗಬಾರದು, ಎತ್ತಿದ್ರ ತೊಟ್ಟು ಮಡಚಿ ಸೀಳ್ತೈತಿ. ಬೆಳದಂಗ ವಾರಕ್ಕೊಮ್ಮೆ ಗಂಟು ಸಡಿಲ ಮಾಡ್ರಿ.

ಎರಿಹೊಲ (ವಿಜಯಪುರ)

ನೀರಿಂದು: ಮಧ್ಯಾಹ್ನ ಜೋತು ಬಿದ್ದ ಎಲಿ ಸಂಜಿಗೆ ಎದ್ದು ನಿಂತ್ರ ನೀರಿನ ಕೊರತಿ ಅಲ್ಲ. ಅಗಲ ಎಲಿಯಿಂದ ಬಿಸಲಿಗೆ ಹೋಗೂವಷ್ಟು ನೀರು ಬೇರಿಗೆ ಅಷ್ಟು ಲಗೂ ಎಳಿಯಾಕ ಆಗೂದಿಲ್ಲ, ಅಷ್ಟ. ಮುಂಜಾನಿ ಆರಕ್ಕೂ ಜೋತು ಬಿದ್ದಿದ್ರ ಮಾತ್ರ ನೋಡ್ರಿ. ಎರಿ ಮಣ್ಣಾಗ ನಾಕು ಇಂಚು ಬೆರಳು ಊರಿ, ಮಣ್ಣು ಉಂಡಿ ಕಟ್ಟೂಹಂಗ ಇದ್ರ ನೀರು ಬ್ಯಾಡ. ಆ ಹಸಿಯಾಗೂ ಬಾಡಿದ್ರ ನೀರು ಹೆಚ್ಚಾಗಿ ಬೇರು ಕೊಳತಿರಬಹುದು, ಇಲ್ಲಾ ಕೆಂಪು ದುಂಬಿಯ ಮರಿ ಬೇರು ತಿಂತಿರಬಹುದು. ದುಂಬಿ ನಸುಕಿನ ತಂಪಿಗೆ ಮಬ್ಬಾಗಿ ಎಲಿ ಮ್ಯಾಲೆ ಕೂತಿರ್ತಾವ, ಆಗ ಆರಿಸಿ ಸಾಬೂನು ನೀರಿಗೆ ಹಾಕ್ರಿ, ಬಿಸಲೇರಿದ್ರ ಹಾರ್ತಾವ. ನೀರು ದಂಟಿನ ಬುಡಕ್ಕ ಹಾಕಬ್ಯಾಡ್ರಿ, ಒಂದು ಮೊಳ ದೂರ ಸುತ್ತ ಸಣ್ಣ ಕಾಲವಿ ತಗದು ಅದರಾಗ ಬಿಡ್ರಿ, ಕಂಬದ ಕಡಿ ಬಾಯಿ ಮುಚ್ಚಿರ್ಲಿ.